ಬೈಕಿನ ಚಕ್ರದ ಬೇರಿಂಗ್ ಬದಲಿಸುವ ಬಗೆ: ಮನೆಯ ಅಂಗಳದಲ್ಲೇ ಮಾಡಬಹುದಾದ ಕೆಲಸದ ಸಮಗ್ರ ಮಾರ್ಗದರ್ಶಿ

ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ನೂರು, ನೂರಿಪ್ಪತ್ತೈದು ಸಿಸಿಯ ಬೈಕು ಬರೀ ಸವಾರಿಯ ಗಾಡಿಯಲ್ಲ. ಬೆಳಗಿನ ಜಾವ ಹಾಲಿನ ಕ್ಯಾನನ್ನು ಡೇರಿಗೆ ಮುಟ್ಟಿಸುವುದು, ಗದ್ದೆಯಿಂದ ಹುಲ್ಲಿನ ಹೊರೆ ತರುವುದು, ಗೊಬ್ಬರದ ಮೂಟೆ ಹೊರುವುದು ಎಲ್ಲವೂ ಅದರದೇ ಕೆಲಸ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ರಸ್ತೆಗೆ ತಂದು ಹಾಕುವ ಕೆಸರನ್ನು ತುಳಿದುಕೊಂಡು ಓಡಾಡಿದ ಮೇಲೆ, ವಾರಕ್ಕೊಮ್ಮೆ ಅದನ್ನು ನಾಲೆಯ ಅಂಚಿಗೆ ಇಳಿಸಿ ತೊಳೆಯುವುದೂ ನಮ್ಮಲ್ಲಿ ರೂಢಿ. ಎರಡು ಬಳೆಗಳ ನಡುವೆ ಗುಂಡುಗಳನ್ನಿಟ್ಟು ಚಕ್ರ ಹಗುರವಾಗಿ ತಿರುಗುವಂತೆ ಮಾಡುವ ಬೇರಿಂಗ್‌ಗಳು ಬೇಗ ಕೆಡುವುದಕ್ಕೆ ಹೊರೆಗಿಂತಲೂ ಈ ತೊಳೆತವೇ ಹೆಚ್ಚಿನ ಕಾರಣ ಎಂಬುದು ನನ್ನ ಅನುಭವ. ಹತ್ತಾರು ಕಿಲೋಮೀಟರ್ ಓಡಿ ಬಂದ ಚಕ್ರದ ನಡುವಿನ ಗುಂಬ, ಅಂದರೆ ಹಬ್, ಬ್ರೇಕಿನ ಕಾವಿನಿಂದ ಬಿಸಿಯಾಗಿರುತ್ತದೆ. ಅದನ್ನು ತಣ್ಣೀರಿಗೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಒಳಸೇರಿದ ನೀರಿಗೆ ಹೊರಬರುವ ದಾರಿಯಿಲ್ಲ. ಅದು ಗ್ರೀಸಿನೊಂದಿಗೆ ಬೆರೆತು, ಗುಂಡುಗಳ ಮೇಲೆ ತುಕ್ಕು ಹಿಡಿಸಿ, ಕೆಲವು ತಿಂಗಳಲ್ಲಿ ಬೇರಿಂಗನ್ನು ಮುಗಿಸಿಬಿಡುತ್ತದೆ.

ಈ ಬೇರಿಂಗ್‌ಗಳನ್ನು ಮನೆಯಲ್ಲೇ ಬದಲಿಸಬಹುದು. ಅದಕ್ಕೆ ತೋಳ್ಬಲವೂ ದುಬಾರಿ ಯಂತ್ರವೂ ಬೇಕಾಗಿಲ್ಲ. ಬೇಕಾದದ್ದು ಒಂದೇ ತಿಳಿವಳಿಕೆ: ಸುತ್ತಿಗೆಯ ಪೆಟ್ಟು ಯಾವ ಬಳೆಯ ಮೇಲೆ ಬೀಳಬೇಕು, ಚಕ್ರದ ಅಚ್ಚಾದ ಆಕ್ಸಲ್ ಬಿಗಿದಾಗ ಆ ಬಲ ಯಾವುದರ ಮೂಲಕ ಹಾದುಹೋಗಬೇಕು ಎಂಬುದು. ಇದನ್ನು ತಿಳಿಯದೆ ಹಾಕಿದ ಒಳ್ಳೆಯ ಬೇರಿಂಗ್ ಕೂಡ ಎರಡು ತಿಂಗಳು ಬಾಳುವುದಿಲ್ಲ. ಇಲ್ಲಿ ವಿವರಿಸುವುದು ಚೈನು ಮತ್ತು ಡ್ರಮ್ ಬ್ರೇಕು ಇರುವ ಸಾಮಾನ್ಯ ಬೈಕಿನ ಕೆಲಸವನ್ನು. ಹೆಚ್ಚಿನ ಸ್ಕೂಟರುಗಳಲ್ಲಿ ಹಿಂದಿನ ಚಕ್ರ ಗೇರ್ ಪೆಟ್ಟಿಗೆಯ ಶಾಫ್ಟಿಗೇ ಜೋಡಿಸಿಕೊಂಡಿರುವುದರಿಂದ ಅದರ ದಾರಿ ಬೇರೆ.

ಬೇರಿಂಗ್ ಸವೆದಿದೆ ಎಂದು ಗುರುತಿಸುವುದು

ಮೊದಲ ಸುಳಿವು ಸದ್ದು. ರಾಗಿಕಲ್ಲಿನಲ್ಲಿ ಹಿಟ್ಟು ಬೀಸುವಾಗ ಪಕ್ಕದ ಕೋಣೆಯಿಂದ ಕೇಳುವಂತಹ, ಒಂದೇ ಸಮನಾದ ಗುರುಗುರು ಸದ್ದು ಅದು. ವೇಗ ಹೆಚ್ಚಿದಂತೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಖಾಲಿ ರಸ್ತೆಯಲ್ಲಿ ಕ್ಲಚ್ ಹಿಡಿದು ಎಂಜಿನ್ ಸದ್ದು ತಗ್ಗಿಸಿದಾಗಲೂ ಅದು ಹಾಗೆಯೇ ಉಳಿದರೆ ದೋಷ ಎಂಜಿನ್ನಿನದಲ್ಲ, ಚಕ್ರದ ಕಡೆಯದು. ಬ್ರೇಕನ್ನು ಮೆಲ್ಲಗೆ ಒತ್ತಿದ ಕೂಡಲೇ ಸದ್ದಿನ ಬಗೆ ಬದಲಾದರೆ ಮೊದಲು ಬ್ರೇಕ್ ಶೂಗಳನ್ನು ಶಂಕಿಸಬೇಕು.

ಎರಡನೆಯದು ಕೈಯ ಪರೀಕ್ಷೆ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ರಿಮ್ಮನ್ನು ಎರಡೂ ಕೈಗಳಿಂದ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಬೇಕು. ಆರೋಗ್ಯವಾದ ಚಕ್ರದಲ್ಲಿ ಕೈಗೆ ಗೊತ್ತಾಗುವಂತಹ ಆಟ ಇರಬಾರದು. ಆಟ ಕಂಡಿತೆಂದು ತಕ್ಷಣ ಬೇರಿಂಗನ್ನೇ ದೂರುವುದೂ ಸರಿಯಲ್ಲ, ಏಕೆಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ಕವಲಾದ ಸ್ವಿಂಗ್ ಆರ್ಮಿನ ಬುಷ್ ಸವೆದಿದ್ದರೂ ಚಕ್ರ ಇದೇ ರೀತಿ ಅಲುಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಲು ಒಂದು ಕೈಯಲ್ಲಿ ಸ್ವಿಂಗ್ ಆರ್ಮಿನ ತುದಿಯನ್ನೂ ಇನ್ನೊಂದರಲ್ಲಿ ಅದರ ಪಕ್ಕದ ರಿಮ್ಮನ್ನೂ ಹಿಡಿಯಬೇಕು. ಆರ್ಮ್ ನಿಂತಲ್ಲೇ ನಿಂತು ರಿಮ್ ಮಾತ್ರ ಅಲುಗಿದರೆ ಬೇರಿಂಗ್ ಸವೆದಿದೆ. ಬೈಕಿನ ಚೌಕಟ್ಟು ನಿಂತಿದ್ದು ಎರಡೂ ಒಟ್ಟಿಗೆ ಅಲುಗಿದರೆ ಬುಷ್ ಹೋಗಿದೆ. ಮುಂದಿನ ಚಕ್ರದಲ್ಲಿ ಇಂತಹದೇ ಗೊಂದಲವನ್ನು ಹ್ಯಾಂಡಲ್ ತಿರುಗಲು ಅದರ ಕೆಳಗಿರುವ ಬೇರಿಂಗ್ ಜೋಡಿ, ಅಂದರೆ ಕೋನ್ ಸೆಟ್, ಹುಟ್ಟಿಸುತ್ತದೆ. ಅಲ್ಲಿಯೂ ಫೋರ್ಕಿನ ಕಾಲನ್ನು ಒಂದು ಕೈಯಿಂದ ಭದ್ರವಾಗಿ ಹಿಡಿದು ನೋಡುವುದೇ ಉಪಾಯ.

ಇನ್ನೂ ಅನುಮಾನ ಉಳಿದರೆ, ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ಲಿನ ಕೊನೆಗೆ ಒತ್ತಿ ಹಿಡಿದು, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಇನ್ನೊಬ್ಬರಿಗೆ ಚಕ್ರವನ್ನು ಕೈಯಲ್ಲೇ ತಿರುಗಿಸಲು ಹೇಳಬೇಕು. ಒಳ್ಳೆಯ ಬೇರಿಂಗ್ ಬಹುತೇಕ ಮೌನವಾಗಿರುತ್ತದೆ, ಕೆಟ್ಟದ್ದು ಮರಳು ಅರೆದಂತೆ ಸದ್ದು ಮಾಡುತ್ತದೆ. ಹಿಂದಿನ ಚಕ್ರದಲ್ಲಿ ಚೈನಿನ ಸದ್ದು ಇದನ್ನು ಮುಚ್ಚಿಹಾಕುವುದರಿಂದ ಚೈನನ್ನು ಸ್ಪ್ರಾಕೆಟ್ಟಿನಿಂದ ಬಿಡಿಸಿ ಕೇಳುವುದು ಮೇಲು. ಸದ್ದು ಕೇಳಿಯೂ ಇನ್ನಷ್ಟು ದಿನ ಓಡಿಸೋಣ ಎಂದು ಮುಂದೂಡುವುದು ಅಪಾಯಕರ. ಗುಂಡುಗಳು ಪುಡಿಯಾದ ದಿನ ಚಕ್ರ ಓರೆಯಾಗಿ, ಚೈನು ಕಳಚಿ, ಓಡುತ್ತಿರುವಾಗಲೇ ಚಕ್ರ ಹಿಡಿದು ನಿಲ್ಲಬಹುದು.

ಹಬ್ಬಿನ ಒಳಗೆ ಏನಿದೆ

ಎತ್ತಿನ ಗಾಡಿಯಲ್ಲಿ ಗುಂಬ ನೇರವಾಗಿ ಅಚ್ಚಿನ ಮೇಲೆಯೇ ಉಜ್ಜಿಕೊಂಡು ತಿರುಗುತ್ತಿತ್ತು. ಆ ಉಜ್ಜಾಟಕ್ಕಾಗಿಯೇ ಕೀಲೆಣ್ಣೆ ಹಾಕುತ್ತಿದ್ದರು. ಬೈಕಿನ ಹಬ್ಬಿನಲ್ಲಿ ಆ ಉಜ್ಜಾಟದ ಜಾಗವನ್ನು ಉರುಳಾಟ ತೆಗೆದುಕೊಂಡಿದೆ. ಬೇರಿಂಗಿಗೆ ಒಂದು ಹೊರಬಳೆ, ಒಂದು ಒಳಬಳೆ, ನಡುವೆ ಉಕ್ಕಿನ ಗುಂಡುಗಳು, ಗುಂಡುಗಳನ್ನು ಸಮ ಅಂತರದಲ್ಲಿ ಹಿಡಿದಿಡುವ ಕೇಜು ಇರುತ್ತವೆ. ಹೊರಬಳೆ ಹಬ್ಬಿನ ಗುಳಿಯಲ್ಲಿ ಬಿಗಿಯಾಗಿ ಕುಳಿತು ಚಕ್ರದೊಂದಿಗೆ ತಿರುಗುತ್ತದೆ. ಒಳಬಳೆ ಆಕ್ಸಲ್ಲಿನ ಜೊತೆ ನಿಂತಲ್ಲೇ ನಿಲ್ಲುತ್ತದೆ.

ಹಬ್ಬಿನ ಎರಡು ಬದಿಗೆ ಒಂದೊಂದರಂತೆ ಎರಡು ಬೇರಿಂಗ್‌ಗಳಿದ್ದು, ಅವುಗಳ ಒಳಬಳೆಗಳ ನಡುವೆ ಕಬ್ಬಿಣದ ಒಂದು ಕೊಳವೆ ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಸ್ಪೇಸರ್ ಎನ್ನುತ್ತಾರೆ. ನೋಡಲು ಅಲ್ಪವಾದ ಈ ತುಂಡಿನ ಮೇಲೆಯೇ ಇಡೀ ಜೋಡಣೆ ನಿಂತಿದೆ. ಆಕ್ಸಲ್ ನಟ್ಟನ್ನು ಬಿಗಿದಾಗ ಆ ಒತ್ತಡ ಆಕ್ಸಲ್ಲಿನ ಮೇಲೆ ಹೊರಗೆ ಕೂರುವ ಗಿಡ್ಡ ಕೊಳವೆಯಾದ ಬುಷ್‌ನಿಂದ ಒಳಬಳೆಗೆ, ಒಳಬಳೆಯಿಂದ ಸ್ಪೇಸರಿಗೆ, ಸ್ಪೇಸರಿನಿಂದ ಆಚೆ ಬದಿಯ ಒಳಬಳೆಗೆ ಹಾದುಹೋಗುತ್ತದೆ. ಗುಂಡುಗಳಿಗೆ ಅದರ ಪಾಲು ತಾಗುವುದೇ ಇಲ್ಲ. ಸ್ಪೇಸರ್ ಇಲ್ಲದಿದ್ದರೆ, ಅಥವಾ ಅದು ತುಂಡಾಗಿ ಗಿಡ್ಡವಾಗಿದ್ದರೆ, ಎರಡು ಒಳಬಳೆಗಳೂ ಒಳಮುಖವಾಗಿ ಎಳೆಯಲ್ಪಟ್ಟು ಗುಂಡುಗಳು ಪಕ್ಕಕ್ಕೆ ಒತ್ತಿಕೊಳ್ಳುತ್ತವೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯ ಬೈಕಿಗೆ ಒಂದು ವರ್ಕ್‌ಶಾಪಿನಲ್ಲಿ ಹಿಂದಿನ ಬೇರಿಂಗ್‌ಗಳನ್ನು ಹಾಕಿಸಿ ಎರಡು ತಿಂಗಳು ಕಳೆಯುವುದರೊಳಗೆ ಅದೇ ಸದ್ದು ಮರುಕಳಿಸಿತು. ಜಗಲಿಯ ಮೇಲೆ ಗೋಣಿಚೀಲ ಹಾಸಿ ಚಕ್ರ ಬಿಚ್ಚಿ ನೋಡಿದರೆ ಬೇರಿಂಗ್‌ನ ಮೇಲಿನ ಕಂಪನಿಯ ಗುರುತು ಇನ್ನೂ ಹೊಸದರಂತೆಯೇ ಇತ್ತು, ಆದರೆ ಒಳಬಳೆಯ ಒಂದು ಅಂಚು ಕಾವಿಗೆ ನೀಲಿಗಟ್ಟಿತ್ತು. ಟಾರ್ಚ್ ಹಿಡಿದು ಹಬ್ಬಿನೊಳಗೆ ನೋಡಿದಾಗ ಸ್ಪೇಸರೇ ಇರಲಿಲ್ಲ. ಹಳೆಯ ಬೇರಿಂಗ್ ಹೊಡೆದು ತೆಗೆಯುವಾಗ ಅದು ಎಲ್ಲೋ ಉರುಳಿಹೋಗಿರಬೇಕು, ಯಾರೂ ಹುಡುಕಿಲ್ಲ. ಅಂದಿನಿಂದ ಬಿಚ್ಚಿದ ಪ್ರತಿ ತುಂಡನ್ನೂ ಬಿಚ್ಚಿದ ಕ್ರಮದಲ್ಲೇ, ಮುಖ ತಿರುವದೆ, ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದನ್ನು ತಪ್ಪಿಸಿಲ್ಲ.

ಹಿಂದಿನ ಚಕ್ರದಲ್ಲಿ ಹಲವು ಬೈಕುಗಳಿಗೆ ಮೂರನೆಯ ಬೇರಿಂಗೂ ಇದೆ. ಸ್ಪ್ರಾಕೆಟ್ಟನ್ನು ಹೊತ್ತ ತಟ್ಟೆ ರಬ್ಬರ್ ಡ್ಯಾಂಪರುಗಳ ಮೂಲಕ ಹಬ್ಬಿಗೆ ಜೋಡಿಸಿಕೊಳ್ಳುತ್ತದೆ, ಆ ತಟ್ಟೆಯ ನಡುವೆ ಈ ಬೇರಿಂಗ್ ಕೂರುತ್ತದೆ. ಚೈನಿನ ಎಳೆತ ನೇರವಾಗಿ ಇದರ ಮೇಲೆ ಬೀಳುವುದರಿಂದ ಹಬ್ಬಿನ ಎರಡನ್ನು ಬದಲಿಸಿ ಇದನ್ನು ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಂತೆ. ಮೂರನ್ನೂ ಒಟ್ಟಿಗೆ ಬದಲಿಸುವುದೇ ಒಳ್ಳೆಯದು.

ಬೇರಿಂಗ್ ಕೊಳ್ಳುವಾಗ

ಅಂಗಡಿಯಲ್ಲಿ ಬೈಕಿನ ಹೆಸರು ಹೇಳುವುದಕ್ಕಿಂತ ಬೇರಿಂಗಿನ ಸಂಖ್ಯೆ ಹೇಳುವುದು ಖಚಿತ. ಹಳೆಯ ಬೇರಿಂಗಿನ ಬಳೆಯ ಮೇಲೋ ಸೀಲಿನ ಮೇಲೋ 6301, 6202, 6203 ಎಂಬಂತಹ ಸಂಖ್ಯೆ ಕೊರೆದಿರುತ್ತದೆ. ಈ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಒಳರಂಧ್ರದ ಅಳತೆಯನ್ನು ಹೇಳುತ್ತವೆ: 00 ಎಂದರೆ 10 ಮಿಲಿಮೀಟರ್, 01 ಎಂದರೆ 12, 02 ಎಂದರೆ 15, 03 ಎಂದರೆ 17. ಅಲ್ಲಿಂದ ಮುಂದೆ ಅಂಕಿಯನ್ನು ಐದರಿಂದ ಗುಣಿಸಿದರೆ ಅಳತೆ ಸಿಗುತ್ತದೆ. ಹೀಗೆ 6301 ಬೇರಿಂಗಿನ ಒಳರಂಧ್ರ 12, ಹೊರವ್ಯಾಸ 37, ದಪ್ಪ 12 ಮಿಲಿಮೀಟರ್. 6202ರದು 15, 35 ಮತ್ತು 11. 6203ರದು 17, 40 ಮತ್ತು 12. ಯಾವ ಕಂಪನಿ ಮಾಡಿದರೂ, ಯಾವ ದೇಶದಲ್ಲಿ ಮಾಡಿದರೂ ಈ ಅಳತೆಗಳು ಬದಲಾಗುವುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿದರೂ ಅಲ್ಲಿಂದ ಹೊರಬಂದ ಯೆಜ್ಡಿ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳ ಎಷ್ಟೋ ಬಿಡಿಭಾಗಗಳಿಗಾಗಿ ಅಲೆಯಬೇಕಾದೀತು, ಆದರೆ ಇಂತಹ ಪ್ರಮಾಣಿತ ಅಳತೆಯ ಬೇರಿಂಗನ್ನು ಸಂಖ್ಯೆ ಹೇಳಿ ಕೇಳಿದರೆ ಸಾಕು.

ಸಂಖ್ಯೆಯ ನಂತರದ ಅಕ್ಷರಗಳನ್ನೂ ನೋಡಬೇಕು. 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್ ಇದೆ, ಜ಼ೆಡ್‌ಜ಼ೆಡ್ ಎಂದಿದ್ದರೆ ಎರಡೂ ಬದಿಗೆ ಲೋಹದ ತೆಳು ಮುಚ್ಚಳ ಇದೆ. ಲೋಹದ ಮುಚ್ಚಳ ಒಳಬಳೆಯನ್ನು ಮುಟ್ಟದೆ ಕೂದಲೆಳೆಯ ಸಂದು ಬಿಟ್ಟಿರುತ್ತದೆ. ಧೂಳನ್ನು ತಕ್ಕಮಟ್ಟಿಗೆ ತಡೆದರೂ ನೀರಿಗೆ ಅದು ಅಡ್ಡಿಯಲ್ಲ. ಗದ್ದೆ ಬಯಲಿನಲ್ಲಿ ಓಡಾಡುವ ಬೈಕಿಗೆ ರಬ್ಬರ್ ಸೀಲಿನದನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಿ3 ಎಂಬ ಗುರುತು ಗುಂಡು ಮತ್ತು ಬಳೆಗಳ ನಡುವೆ ಸಾಮಾನ್ಯಕ್ಕಿಂತ ತುಸು ಹೆಚ್ಚು ಸಡಿಲು ಇಟ್ಟಿರುವುದನ್ನು ಸೂಚಿಸುತ್ತದೆ. 6301ರ ಗಾತ್ರದಲ್ಲಿ ಸಾಮಾನ್ಯ ಸಡಿಲು 3ರಿಂದ 18 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಇದ್ದರೆ ಸಿ3ಯಲ್ಲಿ 11ರಿಂದ 25 ಮೈಕ್ರಾನ್ ಇರುತ್ತದೆ. ಬಿಗಿಯಾದ ಹಬ್ಬಿನಲ್ಲಿ ಕೂರಿಸಿದಾಗ ಹೊರಬಳೆ ಕೊಂಚ ಅದುಮಿಕೊಂಡು ಈ ಸಡಿಲನ್ನು ತಿಂದುಹಾಕುತ್ತದೆ. ಆದ್ದರಿಂದ ಹಳೆಯದರ ಮೇಲೆ ಸಿ3 ಎಂದಿದ್ದರೆ ಹೊಸದೂ ಸಿ3 ಆಗಿರಲಿ.

ನಕಲಿ ಮಾಲು ಈ ವ್ಯಾಪಾರದಲ್ಲಿ ಹೇರಳವಾಗಿದೆ. ಮೊಹರು ಒಡೆಯದ ಪೆಟ್ಟಿಗೆ, ಬಳೆಯ ಮೇಲೆ ಸ್ಪಷ್ಟವಾಗಿ ಮೂಡಿದ ಅಕ್ಷರ, ಬಿಲ್ಲು ಇವಿಷ್ಟನ್ನು ಕೇಳಿ ಪಡೆಯಬೇಕು. ಬೇರಿಂಗ್‌ಗಳ ಜೊತೆಗೇ ಹಬ್ಬಿನ ಹೊರಗಿನ ಆಯಿಲ್ ಸೀಲ್, ಹೊಸ ಸ್ಪ್ಲಿಟ್ ಪಿನ್, ಸವೆದಿದ್ದರೆ ರಬ್ಬರ್ ಡ್ಯಾಂಪರುಗಳನ್ನು ತಂದಿಟ್ಟುಕೊಂಡರೆ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಕೆಲಸ ನಿಲ್ಲುವುದಿಲ್ಲ.

ಹಿಂದಿನ ಚಕ್ರವನ್ನು ಬಿಚ್ಚುವುದು

ರಿಂಗ್ ಸ್ಪ್ಯಾನರುಗಳು, ಒಂದು ಕಿಲೋದೊಳಗಿನ ಸುತ್ತಿಗೆ, ಒಂದಡಿ ಉದ್ದದ ಗಟ್ಟಿ ಪಂಚ್ (ಹೊಡೆಯುವ ಸಲಾಕೆ), ಕಟಿಂಗ್ ಪ್ಲೇಯರ್, ಬೇರಿಂಗಿನ ಹೊರವ್ಯಾಸಕ್ಕಿಂತ ಕೂದಲಷ್ಟು ಚಿಕ್ಕದಾದ ಸಾಕೆಟ್, ಲಿಥಿಯಂ ಗ್ರೀಸ್, ಒರೆಸುವ ಬಟ್ಟೆ ಮತ್ತು ಸ್ವಲ್ಪ ಡೀಸೆಲ್ ಇದ್ದರೆ ಸಾಕು. ಚಕ್ರವನ್ನು ಅಂಗಾತ ಮಲಗಿಸಿ ಹೊಡೆಯಲು ಎರಡು ಮರದ ತುಂಡುಗಳು ಬೇಕು. ಸಮತಟ್ಟಾದ, ಗಟ್ಟಿ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರದ ಹಿಂದೂ ಮುಂದೂ ಕಲ್ಲು ಕೊಟ್ಟು, ಬೈಕನ್ನು ಒಮ್ಮೆ ನೂಕಿ ನೋಡಿ ಅಲುಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು. ಸೈಡ್ ಸ್ಟ್ಯಾಂಡನ್ನು ನಂಬಿ ಚಕ್ರ ಬಿಚ್ಚುವುದು ಎಂದಿಗೂ ಕೂಡದು.

ಬಿಚ್ಚುವ ಮೊದಲು ಚೈನ್ ಅಡ್ಜಸ್ಟರುಗಳು ಎರಡೂ ಬದಿಯಲ್ಲಿ ಎಷ್ಟನೆಯ ಗೆರೆಯಲ್ಲಿವೆ ಎಂದು ಬರೆದಿಟ್ಟುಕೊಳ್ಳಬೇಕು. ಬ್ರೇಕ್ ರಾಡಿನ ತುದಿಯ ನಟ್ಟನ್ನು ಬಿಚ್ಚಿ, ರಾಡಿನ ಸ್ಪ್ರಿಂಗನ್ನೂ ಚಿಕ್ಕ ಪಿನ್ನನ್ನೂ ಮರಳಿ ರಾಡಿಗೇ ಪೋಣಿಸಿ ನಟ್ ಹಾಕಿಟ್ಟರೆ ಕಳೆದುಹೋಗುವ ಭಯವಿಲ್ಲ. ಬ್ರೇಕ್ ಪ್ಲೇಟು ಚಕ್ರದೊಂದಿಗೆ ತಿರುಗದಂತೆ ಹಿಡಿದಿರುವ ಟಾರ್ಕ್ ಆರ್ಮಿನ ಬೋಲ್ಟನ್ನು ಬಿಚ್ಚಿ, ಆಮೇಲೆ ಆಕ್ಸಲ್ ನಟ್ಟಿನ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಬೇಕು. ಚಕ್ರವನ್ನು ಕಾಲಿನಿಂದ ಕೊಂಚ ಎತ್ತಿ ಹಿಡಿದರೆ ಆಕ್ಸಲ್ ಸಲೀಸಾಗಿ ಜಾರಿ ಬರುತ್ತದೆ. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಆಕ್ಸಲ್ಲಿನ ಮರೆಗೆ, ಅಂದರೆ ನಟ್ ಕೂರುವ ತಿರುಪಿನ ಸುರುಳಿಗೆ, ನೇರವಾಗಿ ಸುತ್ತಿಗೆಯಿಂದ ಹೊಡೆಯಬಾರದು. ನಟ್ಟನ್ನು ತುದಿಯ ಸಮಕ್ಕೆ ಮತ್ತೆ ತಿರುಗಿಸಿ, ಮರದ ತುಂಡನ್ನು ಅಡ್ಡವಿಟ್ಟು ತಟ್ಟಬೇಕು. ಆಕ್ಸಲ್ ಹೊರಬಂದಂತೆ ಎರಡೂ ಬದಿಯ ಬುಷ್‌ಗಳು ಕೆಳಗೆ ಬೀಳುತ್ತವೆ. ಅವುಗಳಲ್ಲಿ ಉದ್ದ, ಗಿಡ್ಡ ಎಂಬ ವ್ಯತ್ಯಾಸ ಇರುವುದರಿಂದ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಪತ್ರಿಕೆಯ ಮೇಲೆ ಇಡಬೇಕು. ಕೆಲವು ಬೈಕುಗಳಲ್ಲಿ ಸ್ಪ್ರಾಕೆಟ್ ಚೈನಿನೊಂದಿಗೆ ಅಲ್ಲೇ ಉಳಿದು ಚಕ್ರ ಮಾತ್ರ ಬರುತ್ತದೆ, ಇನ್ನು ಕೆಲವದರಲ್ಲಿ ಚೈನನ್ನು ಬಿಡಿಸಿದ ಮೇಲೆ ಸ್ಪ್ರಾಕೆಟ್ ಸಮೇತ ಚಕ್ರ ಬರುತ್ತದೆ.

ಬ್ರೇಕ್ ಪ್ಲೇಟನ್ನು ಶೂಗಳ ಸಮೇತ ಎತ್ತಿದಾಗ ಡ್ರಮ್ಮಿನೊಳಗೆ ಕಪ್ಪು ಧೂಳು ತುಂಬಿರುತ್ತದೆ. ಇದನ್ನು ಬಾಯಿಂದ ಊದುವುದಾಗಲಿ ಪಂಪಿನಿಂದ ಹಾರಿಸುವುದಾಗಲಿ ಖಂಡಿತ ಬೇಡ. ಹಳೆಯ ಶೂಗಳಲ್ಲಿ ಕಲ್ನಾರಿನ ಎಳೆಗಳಿರಬಹುದು, ಅವು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಶೂಗಳ ಮೇಲಾಗಲಿ ಡ್ರಮ್ಮಿನ ಒಳಮೈಗಾಗಲಿ ಗ್ರೀಸ್ ತಾಗದಂತೆ ಮುಂದಿನ ಕೆಲಸವೆಲ್ಲ ನಡೆಯಬೇಕು.

ಈಗ ಒಳಬಳೆಯೊಳಗೆ ಬೆರಳು ತೂರಿಸಿ ತಿರುಗಿಸಿ ನೋಡಿದರೆ ಬೇರಿಂಗಿನ ಸ್ಥಿತಿ ಯಾವ ಸಂದೇಹವೂ ಇಲ್ಲದಂತೆ ತಿಳಿಯುತ್ತದೆ. ಚೆನ್ನಾಗಿರುವುದು ಎಣ್ಣೆಯಲ್ಲಿ ತಿರುಗಿದಂತೆ ಒಂದೇ ಸಮ ತಿರುಗುತ್ತದೆ. ಸವೆದದ್ದು ಬೆರಳಿಗೆ ಗರಗರ ತಾಗುತ್ತದೆ, ಇಲ್ಲವೇ ಹಂತಹಂತವಾಗಿ ತಡೆದು ತಡೆದು ತಿರುಗುತ್ತದೆ. ಸೀಲನ್ನು ಎಬ್ಬಿಸಿದಾಗ ಒಳಗಿನ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಅಥವಾ ಇಟ್ಟಿಗೆ ಪುಡಿ ಕಲಸಿದಂತೆ ಕೆಂಪಗಾಗಿದ್ದರೆ ನೀರು ಹೊಕ್ಕಿರುವುದು ಖಚಿತ.

ಹಳೆಯ ಬೇರಿಂಗನ್ನು ಹೊರತೆಗೆಯುವುದು

ಮೊದಲು ಆಯಿಲ್ ಸೀಲನ್ನು ದಪ್ಪ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಕು. ಕೆಲವು ಮಾದರಿಗಳಲ್ಲಿ ಬೇರಿಂಗನ್ನು ತಡೆಹಿಡಿಯುವ ಸರ್ಕ್ಲಿಪ್ಪೋ (ಸ್ಪ್ರಿಂಗಿನಂತಹ ಬಳೆ), ಮರೆಯುಳ್ಳ ರಿಂಗೋ ಇರುತ್ತದೆ. ಅದನ್ನು ಗಮನಿಸದೆ ಹೊಡೆಯತೊಡಗಿದರೆ ಹಬ್ಬೇ ಸೀಳಬಹುದು.

ಚಕ್ರವನ್ನು ಮರದ ತುಂಡುಗಳ ಮೇಲೆ ಮಲಗಿಸಿ, ಮೇಲಿನಿಂದ ಪಂಚನ್ನು ಒಳಗಿಳಿಸಿ ಕೆಳಗಿನ ಬೇರಿಂಗನ್ನು ಹೊಡೆದು ಬೀಳಿಸುವುದು ವಿಧಾನ. ಆದರೆ ಸ್ಪೇಸರ್ ಒಳಬಳೆಯ ಅಂಚನ್ನು ಪೂರ್ತಿ ಮುಚ್ಚಿಕೊಂಡಿರುವುದರಿಂದ ಪಂಚಿಗೆ ಹಿಡಿತ ಸಿಗುವುದಿಲ್ಲ. ಪಂಚನ್ನು ಓರೆಯಾಗಿ ಒಳಬಿಟ್ಟು ಸ್ಪೇಸರಿನ ಕೆಳತುದಿಯನ್ನು ಪಕ್ಕಕ್ಕೆ ನೂಕಿದರೆ ಅದು ಎಳ್ಳಿನ ಅಗಲದಷ್ಟು ಸರಿದು ಒಳಬಳೆಯ ಅಂಚು ಕಾಣಿಸುತ್ತದೆ. ಪಂಚಿನ ತುದಿಯನ್ನು ಆ ಅಂಚಿಗೆ ಕೊಟ್ಟು ಒಂದು ಪೆಟ್ಟು, ಸ್ಪೇಸರನ್ನು ಎದುರು ದಿಕ್ಕಿಗೆ ನೂಕಿ ಅಲ್ಲೊಂದು ಪೆಟ್ಟು, ಹೀಗೆ ಸುತ್ತಲೂ ಸರದಿಯಂತೆ ತಟ್ಟುತ್ತ ಬರಬೇಕು. ಒಂದೇ ಕಡೆ ಬಾರಿಸಿದರೆ ಬೇರಿಂಗ್ ಗುಳಿಯೊಳಗೆ ಓರೆಯಾಗಿ ಕಚ್ಚಿಕೊಂಡು ಹಬ್ಬಿನ ಮೈಯನ್ನು ಕೆರೆಯುತ್ತದೆ. ಮೊದಲ ಬೇರಿಂಗ್ ಬಿದ್ದ ಮೇಲೆ ಸ್ಪೇಸರ್ ತಾನಾಗಿ ಹೊರಬರುತ್ತದೆ. ಅದನ್ನು ಎತ್ತಿ ಭದ್ರವಾಗಿಟ್ಟುಕೊಂಡು, ಚಕ್ರ ಮಗುಚಿ ಎರಡನೆಯದನ್ನು ತೆಗೆಯುವುದು ಸುಲಭ.

ಹೀಗೆ ಒಳಬಳೆಗೆ ಹೊಡೆದಾಗ ಪೆಟ್ಟು ಗುಂಡುಗಳ ಮೂಲಕವೇ ಹೊರಬಳೆಗೆ ಹೋಗುತ್ತದೆ, ಪ್ರತಿ ಗುಂಡೂ ಬಳೆಯ ಓಣಿಯಲ್ಲಿ ಒಂದೊಂದು ಸಣ್ಣ ಗುಳಿ ಮಾಡುತ್ತದೆ. ಆದ್ದರಿಂದ ಹೊಡೆದು ತೆಗೆದ ಬೇರಿಂಗ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಮತ್ತೆ ಹಾಕತಕ್ಕದ್ದಲ್ಲ.

ತೀರಾ ತುಕ್ಕು ಹಿಡಿದ ಬೇರಿಂಗಿನಲ್ಲಿ ಕೇಜು ಪುಡಿಯಾಗಿ ಒಳಬಳೆ ಮಾತ್ರ ಕಿತ್ತು ಬಂದು, ಹೊರಬಳೆ ಹಬ್ಬಿನಲ್ಲೇ ಉಳಿದುಬಿಡುವುದುಂಟು. ಅದನ್ನು ಉಳಿಯಿಂದ ಕೊರೆಯಲು ಹೋಗಿ ಹಬ್ಬನ್ನು ಹಾಳುಮಾಡಿಕೊಂಡವರಿದ್ದಾರೆ. ಟೈರು, ಟ್ಯೂಬು ಬಿಚ್ಚಿ, ಚಕ್ರವನ್ನು ಟ್ರೈಲರುಗಳ ಕೆಲಸ ಮಾಡುವ ವೆಲ್ಡಿಂಗ್ ಅಂಗಡಿಗೆ ಒಯ್ದು, ಉಳಿದ ಬಳೆಯ ಒಳಮೈಗೆ ಸುತ್ತಲೂ ಒಂದು ಗೆರೆ ವೆಲ್ಡಿಂಗ್ ಹಾಕಿಸಿದರೆ, ತಣ್ಣಗಾಗುವಾಗ ಬಳೆ ಕುಗ್ಗಿ ಬಹುಮಟ್ಟಿಗೆ ತಾನಾಗಿಯೇ ಕಳಚಿಕೊಳ್ಳುತ್ತದೆ. ಕಿಡಿ ಹಬ್ಬಿಗೆ ತಾಗದಂತೆ ನೋಡಿಕೊಳ್ಳುವುದಷ್ಟೇ ಮುಖ್ಯ.

ಖಾಲಿಯಾದ ಹಬ್ಬನ್ನು ಡೀಸೆಲ್ಲಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿ, ಗುಳಿಯ ಮೈಯನ್ನು ಬೆರಳಿನಿಂದ ಸವರಿ ನೋಡಬೇಕು. ಡೀಸೆಲ್ ಡ್ರಮ್ಮಿನ ಕಡೆ ಹರಿಯದಿರಲಿ. ಗುಳಿಯ ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಹೊರಬಳೆ ಹಬ್ಬಿನೊಳಗೆ ಜಾರಿ ತಿರುಗಿದೆ ಎಂದರ್ಥ. ಇಂತಹ ಸಡಿಲು ಗುಳಿಗೆ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ, ಆದರೆ ಆ ಚುಕ್ಕೆಗಳ ತುದಿ ಕೆಲವೇ ವಾರಗಳಲ್ಲಿ ಸವೆದು ಬೇರಿಂಗ್ ಮತ್ತೆ ಜಾರತೊಡಗುತ್ತದೆ. ಲೇತ್ ಅಂಗಡಿಯಲ್ಲಿ ಗುಳಿಯನ್ನು ಹಿಗ್ಗಿಸಿ ಒಳಗೆ ಲೋಹದ ತೋಳು (ಸ್ಲೀವ್) ಹಾಕಿಸುವುದೇ ನಿಜವಾದ ಪರಿಹಾರ. ಸ್ಪೇಸರಿನ ಎರಡೂ ತುದಿಗಳು ಚಪ್ಪಟೆಯಾಗಿ, ಅಂಚು ಒಡೆಯದೆ ಇರಬೇಕು. ಅಣಬೆಯಂತೆ ಅರಳಿದ್ದರೆ ಹೊಸದು ತರಬೇಕು.

ಹೊಸದನ್ನು ಕೂರಿಸುವುದು

ಇಲ್ಲಿ ಅವಸರ ಕೂಡದು. ಅಲ್ಯುಮಿನಿಯಂ ಹಬ್ ಕಾವಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ ಎಂಬ ಗುಣವನ್ನು ಬಳಸಿಕೊಂಡರೆ ಸುತ್ತಿಗೆಯ ಕೆಲಸ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ. ಹೊಸ ಬೇರಿಂಗ್‌ಗಳನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿಡಬೇಕು. 37 ಮಿಲಿಮೀಟರ್ ವ್ಯಾಸದ ಬೇರಿಂಗ್ ಫ್ರೀಜರಿನ ತಂಪಿಗೆ ಸುಮಾರು 0.02 ಮಿಲಿಮೀಟರ್ ಕುಗ್ಗುತ್ತದೆ. ಹಬ್ಬನ್ನು 100 ಡಿಗ್ರಿಯ ಹತ್ತಿರಕ್ಕೆ ಬಿಸಿ ಮಾಡಿದರೆ ಅದೇ ಅಳತೆಯ ಗುಳಿ ಸುಮಾರು 0.06 ಮಿಲಿಮೀಟರ್ ಅಗಲವಾಗುತ್ತದೆ. ಬಿಸಿಗಾಳಿಯ ಗನ್ನು ಇದ್ದರೆ ಒಳ್ಳೆಯದು. ಇಲ್ಲವಾದರೆ ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಚಿಮ್ಮಟದಿಂದ ಎತ್ತಿ ಹಬ್ಬಿನ ಸುತ್ತ ಹೊದಿಸಿ, ಎರಡು ಮೂರು ಸಲ ಬದಲಾಯಿಸಿ, ಕೊನೆಗೆ ಗುಳಿಯನ್ನು ಒಣಗಿಸಿಕೊಂಡರೂ ಕೆಲಸ ನಡೆಯುತ್ತದೆ. ಬೆಂಕಿಯ ಜ್ವಾಲೆ ತೋರಿಸುವುದು ಬೇಡ, ಅದು ಬಣ್ಣವನ್ನೂ ಟೈರನ್ನೂ ಸುಡುತ್ತದೆ.

ಗುಳಿಗೆ ತೆಳುವಾಗಿ ಗ್ರೀಸ್ ಸವರಿ, ತಂಪಾದ ಬೇರಿಂಗನ್ನು ಸಂಖ್ಯೆ ಬರೆದ ಮುಖ ಹೊರಕ್ಕಿರುವಂತೆ ನೇರವಾಗಿ ಇಡಬೇಕು. ಅದರ ಮೇಲೆ ಸಾಕೆಟ್ ಇಟ್ಟು ತಟ್ಟುವಾಗ ಸಾಕೆಟ್ಟಿನ ಅಂಚು ಹೊರಬಳೆಯ ಮೇಲೆ ಮಾತ್ರ ಕುಳಿತಿರಬೇಕು. ಒಳಬಳೆಗಾಗಲಿ ಸೀಲಿಗಾಗಲಿ ಅದು ಕೊಂಚವೂ ತಾಗಬಾರದು. ತಕ್ಕ ಸಾಕೆಟ್ ಇಲ್ಲದಿದ್ದರೆ ಅದೇ ಅಳತೆಯ ಹಳೆಯ ಬೇರಿಂಗಿನ ಹೊರಬಳೆಯ ಅಂಚನ್ನು ಗ್ರೈಂಡರಿನಲ್ಲಿ ತುಸು ಉಜ್ಜಿ ಚಿಕ್ಕದು ಮಾಡಿಕೊಂಡು ಅದನ್ನೇ ಮೇಲಿಟ್ಟು, ಪೆಟ್ಟು ಅದರ ಹೊರಬಳೆಗೇ ಬೀಳುವಂತೆ ತಟ್ಟಬಹುದು. ಬೇರಿಂಗ್ ಕೆಳಗಿಳಿಯುತ್ತಿರುವಷ್ಟು ಹೊತ್ತು ಸುತ್ತಿಗೆಯ ಸದ್ದು ಮಂದವಾಗಿರುತ್ತದೆ. ಗುಳಿಯ ತಳವನ್ನು ಮುಟ್ಟಿದ ಕೂಡಲೇ ಅದು ಗಟ್ಟಿಯಾದ, ಗಂಟೆಯಂತಹ ಠಣ್ ಸದ್ದಾಗಿ ಬದಲಾಗುತ್ತದೆ. ಆ ಸದ್ದು ಬಂದ ಮೇಲೆ ಇನ್ನೊಂದು ಪೆಟ್ಟೂ ಬೇಡ. ಯಾವ ಬದಿಯದನ್ನು ಮೊದಲು ಕೂರಿಸಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ನಿಮ್ಮ ಬೈಕಿನ ಸರ್ವೀಸ್ ಕೈಪಿಡಿಯ ಕ್ರಮವನ್ನೇ ಪಾಲಿಸಿ.

ಚಕ್ರವನ್ನು ಮಗುಚಿ ಸ್ಪೇಸರನ್ನು ಒಳಗಿಡಬೇಕು. ಇದನ್ನು ಮರೆತು ಎರಡನೆಯ ಬೇರಿಂಗ್ ಹೊಡೆದರೆ ಅದನ್ನು ಕೆಡಿಸದೆ ಹೊರತೆಗೆಯುವ ದಾರಿಯಿಲ್ಲ. ಎರಡನೆಯದನ್ನು ಮೊದಲಿನಂತೆ ಬಲವಾಗಿ ತಳ ಮುಟ್ಟಿಸಲು ಹೋಗಬಾರದು. ಪ್ರತಿ ಎರಡು ಪೆಟ್ಟಿಗೊಮ್ಮೆ ನಿಲ್ಲಿಸಿ, ಆಕ್ಸಲ್ಲನ್ನು ತೂರಿಸಿ ಸ್ಪೇಸರ್ ನಡುವಿಗೆ ಬಂದಿದೆಯೇ ಎಂದು ನೋಡುತ್ತ, ಒಳಬಳೆ ಸ್ಪೇಸರಿನ ತುದಿಯನ್ನು ಆಗಷ್ಟೇ ಮುಟ್ಟಿದ ಕ್ಷಣದಲ್ಲಿ ನಿಲ್ಲಿಸಬೇಕು. ಆಗ ಬೆರಳಿನಿಂದ ನೂಕಿದರೆ ಸ್ಪೇಸರ್ ಕಷ್ಟದಿಂದ ಪಕ್ಕಕ್ಕೆ ಸರಿಯುತ್ತದೆ, ಚಕ್ರ ಅಲುಗಿಸಿದರೆ ಲೊಟಲೊಟ ಸದ್ದು ಮಾಡುವುದಿಲ್ಲ. ಇನ್ನೂ ಸದ್ದು ಮಾಡುತ್ತಿದ್ದರೆ ಬೇರಿಂಗ್ ಮತ್ತಷ್ಟು ಇಳಿಯಬೇಕು. ಒಳಬಳೆಗಳು ಬೆರಳಿಗೆ ಬಿಗಿಯಾಗಿ, ಒರಟಾಗಿ ತಿರುಗತೊಡಗಿದರೆ ಅತಿಯಾಗಿ ಇಳಿದಿದೆ. ಆಗ ಎದುರು ಬದಿಯಿಂದ ಮರದ ಕೊಡತಿಯಲ್ಲಿ ತೀರ ಮೆಲ್ಲಗೆ ಒಂದೆರಡು ಸಲ ತಟ್ಟಿ ಆ ಒತ್ತಡವನ್ನು ಬಿಡಿಸಬಹುದು.

ಸ್ಪ್ರಾಕೆಟ್ ತಟ್ಟೆಯ ಬೇರಿಂಗಿಗೂ ನಿಯಮ ಇದೇ. ಆಯಿಲ್ ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಹಬ್ಬಿನ ಅಂಚಿಗೆ ಸಮವಾಗುವಷ್ಟು ಮಾತ್ರ ಒತ್ತಬೇಕು. ರಬ್ಬರ್ ಸೀಲ್ ಇರುವ ಬೇರಿಂಗಿನೊಳಗೆ ಕಾರ್ಖಾನೆಯಲ್ಲೇ ಅಳೆದು ಗ್ರೀಸ್ ತುಂಬಿರುವುದರಿಂದ ಅದನ್ನು ತೆರೆದು ಇನ್ನಷ್ಟು ತುಂಬುವ ಅಗತ್ಯವಿಲ್ಲ.

ಚಕ್ರವನ್ನು ಮತ್ತೆ ಜೋಡಿಸುವುದು

ಆಕ್ಸಲ್ಲಿನ ತುಕ್ಕನ್ನು ಸಣ್ಣ ಮರಳು ಕಾಗದದಿಂದ ತೆಗೆದು, ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ಅದು ನೇರವಾಗಿದೆಯೇ ಎಂದು ನೋಡಿ, ತೆಳುವಾಗಿ ಗ್ರೀಸ್ ಸವರಿ, ಬಿಚ್ಚಿದ್ದರ ತಿರುಗು ಕ್ರಮದಲ್ಲಿ ಎಲ್ಲವನ್ನೂ ಜೋಡಿಸಬೇಕು. ಟಾರ್ಕ್ ಆರ್ಮಿನ ಬೋಲ್ಟನ್ನು ಎರಡೆರಡು ಸಲ ನೋಡಿ: ಅದನ್ನು ಮರೆತರೆ ಮೊದಲ ಬ್ರೇಕಿಗೇ ಪ್ಲೇಟು ತಿರುಗಿ, ರಾಡು ಮುರಿದು, ಚಕ್ರ ಹಿಡಿದುಕೊಳ್ಳುತ್ತದೆ. ಆಕ್ಸಲ್ ನಟ್ ಪೂರ್ತಿ ಬಿಗಿಯುವ ಮೊದಲು ಅಡ್ಜಸ್ಟರುಗಳನ್ನು ಎರಡೂ ಬದಿ ಒಂದೇ ಗೆರೆಗೆ ತಂದು ಚೈನಿನ ಸಡಿಲನ್ನು ಹೊಂದಿಸಬೇಕು. ಇಂತಹ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಮೇಲೆ ಕೆಳಗೆ ಆಡುವಂತಿರಬೇಕು. ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ. ನಟ್ಟಿನ ಬಿಗಿತಕ್ಕೂ ಕೈಪಿಡಿಯ ಅಂಕಿಯನ್ನೇ ನೋಡಿ, ಸಾಧ್ಯವಾದರೆ ಬಿಗಿತವನ್ನು ಅಳೆಯುವ ಟಾರ್ಕ್ ರೆಂಚ್ ಎರವಲು ತಂದು ಬಿಗಿಯುವುದು ಉತ್ತಮ. ಗಾಡಿಗೆ ಕಡಾಣಿ ಹೇಗೋ ಬೈಕಿನ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಗೆ. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಮಡಿಕೆಯಲ್ಲೇ ಮುರಿಯುತ್ತದೆ, ಆದ್ದರಿಂದ ಹೊಸದನ್ನೇ ಹಾಕಿ ಕಾಲುಗಳನ್ನು ಅಗಲಿಸಬೇಕು.

ನಟ್ ಬಿಗಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವುದೇ ನಿಜವಾದ ಪರೀಕ್ಷೆ. ನಟ್ ಸಡಿಲಾಗಿದ್ದಾಗ ಹಗುರವಾಗಿ ತಿರುಗುತ್ತಿದ್ದ ಚಕ್ರ ಬಿಗಿದ ಕೂಡಲೇ ಭಾರವಾದರೆ ಸ್ಪೇಸರ್ ಗಿಡ್ಡವಾಗಿದೆ, ಅಥವಾ ಬೇರಿಂಗ್ ಪೂರ್ತಿ ಕುಳಿತಿಲ್ಲ, ಅಥವಾ ಬುಷ್‌ಗಳು ಅದಲುಬದಲಾಗಿವೆ. ಆಗ ಬಿಚ್ಚಿ ನೋಡಲೇಬೇಕು, ಓಡುತ್ತ ಓಡುತ್ತ ಸರಿಹೋಗುತ್ತದೆ ಎಂಬ ಮಾತು ಇಲ್ಲಿ ಸಲ್ಲದು. ಬ್ರೇಕ್ ಪೆಡಲಿನ ಆಟ, ಬ್ರೇಕ್ ಲೈಟು ಉರಿಯುವ ಹಂತ ಎರಡನ್ನೂ ಹೊಂದಿಸಿಕೊಂಡು ಬೀದಿಗಿಳಿಯುವ ಮುನ್ನ ಅಂಗಳದಲ್ಲೇ ಬ್ರೇಕ್ ಹಾಕಿ ನೋಡಬೇಕು.

ಮುಂದಿನ ಚಕ್ರದಲ್ಲಿ ಬೇರೆಯಾಗಿರುವುದು

ಬೇರಿಂಗಿನ ಕೆಲಸ ಎರಡೂ ಚಕ್ರಕ್ಕೆ ಒಂದೇ, ಬಿಚ್ಚುವಾಗಿನ ವ್ಯತ್ಯಾಸ ಕೆಲವೇ. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂಭಾಗವನ್ನು ಎತ್ತಿ ನಿಲ್ಲಿಸಬೇಕು. ಸ್ಪೀಡೋಮೀಟರ್ ಕೇಬಲ್ ಹಬ್ಬಿಗೆ ಸೇರುವ ಮಾದರಿಯಾದರೆ ಅದರ ಗೇರಿನ ಪೆಟ್ಟಿಗೆಯ ನಾಲಿಗೆ ಹಬ್ಬಿನ ಸಂದಿಗೆ ಕೂತಿರಬೇಕು, ಇಲ್ಲದಿದ್ದರೆ ಆಕ್ಸಲ್ ಬಿಗಿದಾಗ ಅದು ಮುರಿಯುತ್ತದೆ. ಬ್ರೇಕ್ ಪ್ಲೇಟಿನ ಸೀಳಿನೊಳಗೆ ಫೋರ್ಕಿನ ಕಾಲಿನ ಚಾಚು ಹೊಕ್ಕಿರುವುದನ್ನೂ ನೋಡಬೇಕು. 2019ರ ಏಪ್ರಿಲ್‌ನಿಂದೀಚೆಗೆ 125 ಸಿಸಿಯವರೆಗಿನ ಬೈಕುಗಳಲ್ಲಿ ಹಿಂದಿನ ಪೆಡಲಿಗೇ ಮುಂದಿನ ಬ್ರೇಕೂ ಜೊತೆಗೂಡುವ ಸಿಬಿಎಸ್ ಏರ್ಪಾಡು ಕಡ್ಡಾಯವಾಗಿ ಬಂದಿರುವುದರಿಂದ ಮುಂದಿನ ಹಬ್ಬಿಗೆ ಎರಡು ಕೇಬಲ್‌ಗಳು ಬರಬಹುದು. ಯಾವುದು ಎಲ್ಲಿತ್ತು ಎಂದು ಚಿತ್ರ ತೆಗೆದಿಟ್ಟುಕೊಳ್ಳಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಯಾರೂ ಲಿವರ್ ಒತ್ತದಂತೆ ಎಚ್ಚರ ವಹಿಸಬೇಕು, ಡಿಸ್ಕನ್ನು ಕೆಳಗಾಗಿ ನೆಲಕ್ಕೆ ಒರಗಿಸಬಾರದು.

ಮೊದಲ ಹತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬಂದು ಹಬ್ಬನ್ನು ಎರಡೂ ಬದಿ ಮುಟ್ಟಿ ನೋಡಬೇಕು. ಬ್ರೇಕಿನ ಕಡೆ ಕೊಂಚ ಬೆಚ್ಚಗಿರುವುದು ಸಹಜ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ನೂರು ಕಿಲೋಮೀಟರ್ ಆದ ಮೇಲೆ ನಟ್ಟು, ಚೈನು, ಚಕ್ರದ ಆಟ ಮೂರನ್ನೂ ಇನ್ನೊಮ್ಮೆ ನೋಡಿ, ಹಾಕಿದ ಬೇರಿಂಗಿನ ಸಂಖ್ಯೆ, ದಿನಾಂಕ ಮತ್ತು ಆಗ ಮೀಟರಿನಲ್ಲಿದ್ದ ಕಿಲೋಮೀಟರನ್ನು ಆರ್‌ಸಿ ಇಡುವ ಕವರಿನಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಬೈಕನ್ನು ನಾಲೆಗೆ ಇಳಿಸುವುದಾದರೆ ಹಬ್ ಪೂರ್ತಿ ತಣ್ಣಗಾಗುವ ತನಕ ಅರ್ಧ ಗಂಟೆ ಮರದ ನೆರಳಿನಲ್ಲಿ ನಿಲ್ಲಿಸಿ, ನೀರನ್ನು ಬಕೆಟ್ಟಿನಲ್ಲಿ ಎತ್ತಿ ತಂದು ತೊಳೆಯಿರಿ; ಸರ್ವೀಸ್ ಸ್ಟೇಷನ್ನಿನಲ್ಲಿ ತೊಳೆಸಿದರೆ ಒತ್ತಡದ ನೀರಿನ ಕೊಳವೆಯನ್ನು ಆಕ್ಸಲ್ಲಿನ ಸೀಲಿಗೆ ನೇರವಾಗಿ ಹಿಡಿಯದಂತೆ ಹೇಳಿ.